ಮುತ್ತಜ್ಜನ ಪದಕ, ಪವನು, ಒಂದ್ರುಪಾಯಿ ನೋಟು: ರಾಜನ ಕತ್ತಿನ ಕೆಳಗಿರೋ ಆ 'ಬಿ.ಎಂ.' ಯಾರು?

ಓದುಗರ ಪ್ರಶ್ನೆ: ಸರ್ ನಮಸ್ಕಾರ. ನಮ್ದು ಚಿಕ್ಕಮಗಳೂರು ಕಡೆ. ಹಳೇ ಮನೆ ಅಟ್ಟ ಖಾಲಿ ಮಾಡುವಾಗ ಮುತ್ತಜ್ಜನ ಟ್ರಂಕು ಸಿಕ್ತು, ಅವ್ರು ಮೈಸೂರು ಲ್ಯಾನ್ಸರ್ಸಲ್ಲಿ ಕುದುರೆ ಸವಾರ ಆಗಿದ್ರು ಅಂತ ಅಜ್ಜಿ ಹೇಳ್ತಿದ್ರು. ಅದ್ರಲ್ಲಿ ಒಂದು ದೊಡ್ಡ ಬೆಳ್ಳಿ ಪದಕ ಇದೆ, ಒಂದ್ಕಡೆ ಕಿರೀಟ ಇಲ್ದಿರೋ ರಾಜನ ತಲೆ, ಇನ್ನೊಂದ್ಕಡೆ ಬೆತ್ತಲೆ ಕುದುರೆ ಸವಾರ. ಜತೆಗೆ 1911, 1913, 1918ರ ಮೂರು ಬೆಳ್ಳಿ ರೂಪಾಯಿ, 1918ರ ಒಂದು ಪವನು (ಬ್ರಿಟಿಷರ ಕಾಲದ ಚಿನ್ನದ ನಾಣ್ಯ), ಮಡಚಿದ ಕಡೆಯೆಲ್ಲಾ ಹರಿಯೋ ಹಂಗಾಗಿರೋ 1917ರ ಒಂದ್ರುಪಾಯಿ ನೋಟು. ರೂಪಾಯಿ ಮೇಲೂ ಪವನಿನ ಮೇಲೂ ರಾಜನ ಭುಜ, ಕತ್ತು ಮುಗಿಯೋ ಜಾಗದಲ್ಲಿ ಸಣ್ಣಕ್ಕೆ ಇಂಗ್ಲಿಷಲ್ಲಿ 'ಬಿ.ಎಂ.' ಅಂತಿದೆ. ಪೇಟೇಲಿ ಒಬ್ರು 'ಅದು ಬಾಂಬೆ ಮಿಂಟ್, ಪವನು ಬಾಂಬೇದು' ಅಂದ್ರು. ನನ್ ಮಗ ಇಂಟರ್ನೆಟ್ಟಲ್ಲಿ ನೋಡಿ 'ಇಲ್ಲ, ಅದು ಒಬ್ಬ ಕಲಾವಿದನ ಹೆಸರು, ಪದಕ ನಾಣ್ಯ ನೋಟು ಎಲ್ಲಾ ಅವ್ನೇ ಡಿಸೈನ್ ಮಾಡಿದ್ದು' ಅಂತಾನೆ. ಯಾವ್ದು ನಿಜ? 1911ರ ರೂಪಾಯಿ ಹಂದಿ ರೂಪಾಯಿ, ಲಕ್ಷಗಟ್ಟಲೆ ಬೆಲೆ ಅಂತ ತಮ್ಮ ಕುಣೀತಿದಾನೆ. ಅಮ್ಮ ಆಗ್ಲೇ ಒಂದು ರೂಪಾಯಿನ ಹುಣಸೆಹಣ್ಣು ಹಾಕಿ ತಿಕ್ಕಿ ಪಳಪಳ ಮಾಡಿದಾರೆ. ಅಮೆರಿಕದಲ್ಲಿರೋ ತಂಗಿ ಪದಕ ನಂಗೆ ಕೊಡಿ ಅಂತಿದಾಳೆ. ಏನ್ ಮಾಡೋದು ಹೇಳಿ.

ಉತ್ತರ:

ಮೊದ್ಲು ಅಮ್ಮನ ಕೈಯಿಂದ ಹುಣಸೆಹಣ್ಣು ಇಸ್ಕೊಳ್ಳಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ತಮಾಷೆ ಅಲ್ಲ, ಇಷ್ಟು ವರ್ಷದಲ್ಲಿ ನನ್ನ ಮೇಜಿನ ಮೇಲೆ ಬಂದ ಹಳೇ ಬೆಳ್ಳಿ ಸಾಮಾನಲ್ಲಿ ಕಳ್ರಿಂದ ಆದ ನಷ್ಟಕ್ಕಿಂತ ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟಿಂದ ಆದ ನಷ್ಟ ಜಾಸ್ತಿ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. ಇದು ಯಾರ ಕೈಕೆಲಸ ಅನ್ನೋದು ಒಂದು, ಇದನ್ನ ಏನ್ ಮಾಡ್ಬೇಕು ಅನ್ನೋದು ಇನ್ನೊಂದು. ಮೊದಲ್ನೇದು ಸರಿಯಾಗಿ ಗೊತ್ತಾದ್ರೆ ಎರಡನೇದು ಅರ್ಧ ತಾನಾಗೇ ಬಗೆಹರಿಯುತ್ತೆ.

ಬಿ.ಎಂ. ಅಂದ್ರೆ ಬಾಂಬೆ ಮಿಂಟ್ ಅಲ್ಲ. ಬರ್ಟ್ರಂ ಮೆಕೆನಲ್. ಶಿಲ್ಪಿ, ಹುಟ್ಟಿದ್ದು 1863ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಲ್ಲಿ, ಅಪ್ಪಾನೂ ಶಿಲ್ಪಿ. ಬಾಂಬೆ ಮಿಂಟ್ ಅನ್ನೋದು ನಮ್ಮ ಕಡೆ ತುಂಬಾ ಹಳೇ ತಪ್ಪು, ಹಳೇ ನಾಣ್ಯದ ವ್ಯಾಪಾರ ಮಾಡೋರೂ ಹೇಳ್ತಾರೆ, ಯಾಕಂದ್ರೆ ಅಕ್ಷರ ಎರಡೂ ಕರೆಕ್ಟಾಗಿ ಕೂರುತ್ತಲ್ಲ. ಆದ್ರೆ ಒಂದು ಸುಲಭದ ಪರೀಕ್ಷೆ ಇದೆ. ಐದನೇ ಜಾರ್ಜ್ ಕಾಲದ ಪವನು ಲಂಡನ್ನಲ್ಲಿ, ಸಿಡ್ನೀಲಿ, ಪರ್ತಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಎಲ್ಲಾ ಕಡೆ ಹೊಡೆದಿದಾರೆ, ಎಲ್ಲದ್ರ ಮೇಲೂ ರಾಜನ ಕತ್ತಿನ ಹತ್ರ ಬಿ.ಎಂ. ಇದ್ದೇ ಇದೆ. ಸಿಡ್ನೀಲಿ ಹೊಡೆದ ಪವನಿಗೆ ಬಾಂಬೆ ಟಂಕಸಾಲೆ ಗುರುತು ಯಾರಾದ್ರೂ ಹಾಕ್ತಾರಾ?

ಟಂಕಸಾಲೆ ಗುರುತು ಬೇರೆ ಕಡೆ ಇರುತ್ತೆ. ಬೆಳ್ಳಿ ರೂಪಾಯಿನ ಹಿಂದೆ ತಿರುಗಿಸಿ, ಸುತ್ತ ಹೂಬಳ್ಳಿ ಇದ್ಯಲ್ಲ, ಕೆಳಗಡೆ ಮಧ್ಯದಲ್ಲಿ ತಾವರೆ, ಆ ತಾವರೆ ಕೆಳಗೆ ಸಾಸಿವೆಗಿಂತ ಸಣ್ಣ ಉಬ್ಬಿದ ಚುಕ್ಕೆ ಇದ್ರೆ ಬಾಂಬೆ, ಏನೂ ಇಲ್ದಿದ್ರೆ ಕಲ್ಕತ್ತಾ. ಅಷ್ಟೇ. ಪವನಿನ ಹಿಂದೆ ಕುದುರೆ ಮೇಲೆ ಕೂತು ಡ್ರಾಗನ್ ಕೊಲ್ತಿರೋನು ಸೇಂಟ್ ಜಾರ್ಜ್, ಕ್ರೈಸ್ತರ ಸಂತ, ಅವ್ನ ಕುದುರೆ ಕಾಲ ಕೆಳಗೆ ಇಸವಿ ಇರುತ್ತೆ, ಅದ್ರ ಮೇಲಿನ ನೆಲದ ಗೆರೇಲಿ ಪುಟ್ಟ ಇಂಗ್ಲಿಷ್ ಅಕ್ಷರ ಹುಡುಕಿ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡ್ದೆ, 'ಐ' ಅಂತಿದೆ. ಅಂದ್ರೆ ಇಂಡಿಯಾ. ಬಾಂಬೇಲಿ ರಾಯಲ್ ಮಿಂಟಿನ ಬ್ರಾಂಚು ಅಂತ ಒಂದು ನಡೀತಿತ್ತು, ಅಲ್ಲಿ ಪವನು ಹೊಡೆದಿದ್ದು 1918 ಒಂದೇ ವರ್ಷ, ಸುಮಾರು 13 ಲಕ್ಷ. ಸೋ ನಿಮ್ಮ ಪೇಟೆಯವ್ರು ಹೇಳಿದ ಉತ್ತರ ಸರಿ, ಲೆಕ್ಕ ಮಾಡಿದ ರೀತಿ ತಪ್ಪು! ಪವನು ಬಾಂಬೇದೇ, ಆದ್ರೆ ಬಿ.ಎಂ.ನಿಂದಲ್ಲ.

ಅದೇ ಪವನಿನ ಹಿಂದ್ಗಡೆ ಬಲಕ್ಕೆ ಕೆಳಗೆ ಇನ್ನೂ ಸಣ್ಣಕ್ಕೆ 'ಬಿ.ಪಿ.' ಅಂತ ಕಾಣ್ಬೋದು. ಅದು ಬೆನೆಡೆಟ್ಟೋ ಪಿಸ್ಟ್ರೂಚಿ, ಇಟಲಿಯವ್ನು, ಆ ಕುದುರೆ-ಡ್ರಾಗನ್ ಚಿತ್ರ ಪವನಿನ ಮೇಲೆ ಬಂದಿದ್ದು 1817ರಲ್ಲಿ. ಒಂದೇ ನಾಣ್ಯದ ಮುಂದೊಬ್ಬ ಹಿಂದೊಬ್ಬ, ಮಧ್ಯೆ ಹತ್ತಿರತ್ರ ನೂರು ವರ್ಷದ ಗ್ಯಾಪು. ನಮ್ಮಲ್ಲಿ ಎಷ್ಟೋ ಮನೇಲಿ ಕಾಸಿನ ಸರ ಇದೆ, ಯಾರೂ ಕನ್ನಡಕ ಹಾಕ್ಕೊಂಡು ಇದನ್ನ ನೋಡಿರಲ್ಲ. ವಿಕ್ಟೋರಿಯಾ ರಾಣಿಯ ಕೊನೇ ಕಾಲದ, ತಲೆ ಮೇಲೆ ಸೆರಗು ಹೊದ್ದಂಗಿರೋ ಪವನು ಸಿಕ್ರೆ ಅದ್ರ ಮೇಲೆ 'ಟಿ.ಬಿ.' ಇರುತ್ತೆ, ಥಾಮಸ್ ಬ್ರಾಕ್. ಬೆಂಗ್ಳೂರಲ್ಲಿ ಕಬ್ಬನ್ ಪಾರ್ಕ್ ಹತ್ರ ನಿಂತಿರೋ ರಾಣಿಯ ಅಮೃತಶಿಲೆ ವಿಗ್ರಹ ಮಾಡಿದ್ದೂ ಅವ್ನೇ, 1906ರಲ್ಲಿ ಅದನ್ನ ಅನಾವರಣ ಮಾಡಿದ್ದು ಆಗಿನ್ನೂ ಯುವರಾಜ ಆಗಿದ್ದ ಇದೇ ಐದನೇ ಜಾರ್ಜ್. ದಿನಾ ಸಿಗ್ನಲ್ಲಲ್ಲಿ ನಿಂತು ನೋಡೋ ವಿಗ್ರಹ ಮಾಡಿದ ಕೈಯೇ ಅಜ್ಜಿ ಕತ್ತಲ್ಲಿರೋ ಕಾಸನ್ನೂ ಮಾಡಿದೆ ಅಂದ್ರೆ ನಂಗೆ ಈಗ್ಲೂ ಮಜಾ ಅನ್ಸುತ್ತೆ.

ಮೆಕೆನಲ್ ವಿಷ್ಯಕ್ಕೆ ಬರ್ತೀನಿ. ಇಪ್ಪತ್ತು ವಯಸ್ಸಿನ ಆಸುಪಾಸಲ್ಲಿ ಲಂಡನ್ನಿಗೆ ಬಂದ, ಪ್ಯಾರಿಸಲ್ಲೂ ಇದ್ದ. 'ಸರ್ಸಿ' ಅನ್ನೋ ಮಾಟಗಾತಿಯ ನಗ್ನ ಪ್ರತಿಮೆ ಮಾಡಿ ಹೆಸರಾದ, 1894ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯವ್ರು ಅದನ್ನ ಪ್ರದರ್ಶನಕ್ಕಿಟ್ಟಾಗ ಪೀಠದ ಸುತ್ತ ಇದ್ದ ಸಣ್ಣ ಬೆತ್ತಲೆ ಬೊಂಬೆಗಳು ಕಾಣ್ಬಾರ್ದು ಅಂತ ಬಟ್ಟೆ ಮುಚ್ಚಿದ್ರಂತೆ, ದೊಡ್ಡ ಬೆತ್ತಲೆ ವಿಗ್ರಹ ಮಾತ್ರ ಹಂಗೇ ಬಿಟ್ಟು! ಆಮೇಲೆ 1908ರ ಲಂಡನ್ ಒಲಿಂಪಿಕ್ಸ್ ಪದಕ ಅವ್ನದ್ದು. ಇಬ್ರು ಹೆಂಗಸ್ರು ಗೆದ್ದವನ ತಲೆಗೆ ಮಾಲೆ ಇಡ್ತಿರೋ ಆ ಮುಂಭಾಗ ಎಷ್ಟು ಚೆನ್ನಾಗಿತ್ತು ಅಂದ್ರೆ 1912ರ ಸ್ಟಾಕ್‌ಹೋಮಿನವ್ರೂ ಅದನ್ನೇ ಇಟ್ಕೊಂಡ್ರು, ಹಿಂಭಾಗ ಮಾತ್ರ ತಮ್ಮ ಎರಿಕ್ ಲಿಂಡ್ಬರ್ಗ್ ಕೈಲಿ ಮಾಡಿಸಿದ್ರು. ಈ ಲಿಂಡ್ಬರ್ಗೇ ನೊಬೆಲ್ ಪದಕ ಮಾಡಿದವ್ನು, ಸಿ.ವಿ. ರಾಮನ್ನರಿಗೆ ಭೌತಶಾಸ್ತ್ರಕ್ಕೆ ಬಂದ 1930ರ ಪದಕದ ಡಿಸೈನು ಅವ್ನದ್ದೇ. ಪದಕದ ಲೋಕ ಸಣ್ಣದು, ಎಲ್ಲಿ ಎಳೆದ್ರೂ ನಾಲ್ಕೈದು ಹೆಸರೇ ಸಿಕ್ಕೋದು.

1910ರಲ್ಲಿ ಐದನೇ ಜಾರ್ಜ್ ರಾಜ ಆದ್ಮೇಲೆ ಹೊಸ ನಾಣ್ಯಕ್ಕೆ ಮುಖ ಬೇಕಾಯ್ತು, ಮೆಕೆನಲ್ ಮಾಡಿದ ಮುಖ ಆಯ್ಕೆ ಆಯ್ತು. ಅಲ್ಲಿಂದ ಪಟ್ಟಾಭಿಷೇಕದ ಪದಕ, 1911ರ ದೆಹಲಿ ದರ್ಬಾರ್ ಪದಕ (ರಾಜ ರಾಣಿ ಇಬ್ರದೂ ಅಕ್ಕಪಕ್ಕ ತಲೆ, ಹಿಂದೆ ಪರ್ಷಿಯನ್ ಬರಹ), ಅಂಚೆಚೀಟಿ, ಆಮೇಲೆ ಯುದ್ಧದ ಪದಕ. 1921ರಲ್ಲಿ ಸರ್ ಪದವಿ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕಲಾವಿದನಿಗೆ ಅದು ಮೊದಲ್ನೇ ಸಲ. 1931ರಲ್ಲಿ ತೀರ್ಕೊಂಡ.

ನಿಮ್ಮ ಮಗ ಹೇಳಿದ್ದು ಮುಕ್ಕಾಲು ಭಾಗ ನಿಜ. ಪದಕದ ಮುಂಭಾಗ, ಮೂರು ರೂಪಾಯಿಯ ಮುಂಭಾಗ, ಪವನಿನ ಮುಂಭಾಗ ಮೆಕೆನಲ್ಲೇ. ಬ್ರಿಟನ್ನಿನ ನಾಣ್ಯ ಪದಕಕ್ಕೆ ಬರಿ ತಲೆ, ಇಂಡಿಯಾ ರೂಪಾಯಿಗೆ ಕಿರೀಟ, ನಿಲುವಂಗಿ, ಸರಪಳಿ, ಅದಕ್ಕೇ ನಿಮಗೆ ಎರಡೂ ಬೇರೆ ಅನ್ಸಿದ್ದು. ಪದಕದ ಹಿಂದಿನ ಬೆತ್ತಲೆ ಸವಾರ ಮಾತ್ರ ವಿಲಿಯಂ ಮೆಕ್‌ಮಿಲನ್ ಅನ್ನೋ ಇನ್ನೊಬ್ಬ ಶಿಲ್ಪಿಯದು. ಅದೂ ಸೇಂಟ್ ಜಾರ್ಜೇ, ಕುದುರೆ ಗೊರಸಿನ ಕೆಳಗೆ ನೋಡಿ, ಶತ್ರು ದೇಶಗಳ ಹದ್ದಿನ ಗುರಾಣಿ, ಒಂದು ತಲೆಬುರುಡೆ ಇದೆ, ಪಕ್ಕದಲ್ಲಿ 1914, 1918. ಇದು ಬ್ರಿಟಿಷ್ ವಾರ್ ಮೆಡಲ್, ಮೊದಲ್ನೇ ಮಹಾಯುದ್ಧದ ಪದಕ, 36 ಮಿಲಿಮೀಟರ್ ಅಗಲ, ಬೆಳ್ಳಿ. ಬೆಳ್ಳೀಲಿ ಸುಮಾರು 65 ಲಕ್ಷ ಕೊಟ್ಟಿದಾರೆ, ಯುದ್ಧಕ್ಕೆ ಹೋಗಿ ಕೂಲಿ ಮಾಡಿದ ಲೇಬರ್ ಕೋರಿನವ್ರಿಗೆ ಅದನ್ನೇ ಕಂಚಲ್ಲಿ.

ಈಗ ನೋಟು. ಇಲ್ಲಿ ಮಗ ಸ್ವಲ್ಪ ಎಡವಿದಾನೆ, ಆದ್ರೆ ಅವ್ನ ತಪ್ಪಲ್ಲ, ಇಂಟರ್ನೆಟ್ಟಲ್ಲಿ ಹಂಗೇ ಬರೆದಿರ್ತಾರೆ. ಶಿಲ್ಪಿ ನೋಟು ಮಾಡಲ್ಲ. ಶಿಲ್ಪಿ ಕೆಲಸ ಏನಂದ್ರೆ ನಾಣ್ಯಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ, ಊಟದ ತಟ್ಟೆಯಷ್ಟು ಅಗಲಕ್ಕೆ ಪ್ಲಾಸ್ಟರಲ್ಲಿ ಮುಖ ಮಾಡೋದು, ಆಮೇಲೆ ರಿಡ್ಯೂಸಿಂಗ್ ಮಷೀನು ಒಂದು ಕಡೆ ಆ ದೊಡ್ಡ ಮುಖದ ಮೇಲೆ ಕಡ್ಡಿ ಸವರ್ತಾ ಇನ್ನೊಂದು ಕಡೆ ಅದನ್ನೇ ಸಣ್ಣಕ್ಕೆ ಉಕ್ಕಲ್ಲಿ ಕೊರೀತಾ ಹೋಗುತ್ತೆ, ಅದ್ರಿಂದ ಅಚ್ಚು. ಪದಕ ಆದ್ರೆ ಎರಡು ಮೂರು ಸಲ ಹೊಡೀಬೋದು, ಹಂಗಾಗಿ ಮುಖ ಚೆನ್ನಾಗಿ ಉಬ್ಬಿಕೊಂಡು ಬರುತ್ತೆ. ನಾಣ್ಯ ಒಂದೇ ಏಟಿಗೆ ಆಗ್ಬೇಕು, ಒಂದ್ರ ಮೇಲೊಂದು ಜೋಡಿಸಿದ್ರೆ ಕೂರ್ಬೇಕು, ಕೋಟಿಗಟ್ಟಲೆ ಹೊಡೀಬೇಕು. ಮೆಕೆನಲ್ಲಿಗೂ ಇಲ್ಲೇ ಪೆಟ್ಟು ಬಿದ್ದಿದ್ದು. ಅವ್ನು ಮಾಡಿದ ತಲೆ ದೊಡ್ಡದು, ಎತ್ತರದ್ದು, ಲೋಹ ಎಲ್ಲಾ ಮುಂದಿನ ಮುಖದ ಕಡೆ ಎಳ್ಕೊಂಡು ಬಿಡ್ತಿತ್ತು, ಬ್ರಿಟನ್ನಿನ ಪೆನ್ನಿ ಹಿಂಭಾಗದಲ್ಲಿ ರಾಜನ ತಲೆ ದೆವ್ವದ ನೆರಳಿನ ಥರ ಕಾಣ್ತಿತ್ತು. 1920ರ ದಶಕದ ಕೊನೆ ಹೊತ್ತಿಗೆ ತಲೇನ ಚಿಕ್ಕದು ಮಾಡಿ ತಿದ್ದಿದ್ರು. ಪದಕಕ್ಕೆ ಸೊಗಸಾಗಿ ಕೂತ ಕೈ ನಾಣ್ಯಕ್ಕೆ ಕಷ್ಟ ಪಡ್ತು ಅನ್ಬೋದು, ನನ್ ಪ್ರಕಾರ ಅವ್ನು ಮೊದಲು ಪದಕದ ಕಲಾವಿದ, ಆಮೇಲೆ ನಾಣ್ಯದವ್ನು.

ನೋಟಲ್ಲಿ ಉಬ್ಬೇ ಇಲ್ವಲ್ಲ. ಅಲ್ಲಿ ಮುಖ ಅಂದ್ರೆ ಬರೀ ಗೆರೆ. ಅದನ್ನ ಕೊರೆಯೋನು ಬೇರೆ ಕಸುಬಿನವ್ನು, ಕೆನ್ನೆ ಎಲ್ಲಿ ತಿರುಗುತ್ತೋ ಅಲ್ಲಿ ಗೆರೆ ದಪ್ಪ ಮಾಡಿ, ಬೆಳಕು ಎಲ್ಲಿದ್ಯೋ ಅಲ್ಲಿ ಸಣ್ಣ ಮಾಡಿ ನೆರಳು ತರ್ತಾನೆ. ಈಗಿನ ನಮ್ಮ ನೋಟಿನ ಗಾಂಧಿ ಮುಖಾನೂ ಹಂಗೇ, ಮೂಲ 1946ರ ಒಂದು ಫೋಟೋ, ಅದು ಗೆರೆಯಾಗಿ ಮೈಸೂರು ಪ್ರೆಸ್ಸಲ್ಲಿ ಅಚ್ಚಾಗಿ ನಿಮ್ಮ ಜೇಬಿಗೆ ಬರುತ್ತೆ.

ಆದ್ರೆ ನಿಮ್ಮ 1917ರ ನೋಟಿಗೆ ಒಂದು ವಿಶೇಷ ಇದೆ, ಅದಕ್ಕೇ ಮುಕ್ಕಾಲು ನಿಜ ಅಂದೆ. ಅದ್ರ ಎಡಗಡೆ ಮೇಲೆ ನೋಡಿ, ರಾಜನ ಚಿತ್ರ ಅಲ್ಲ ಅಲ್ಲಿರೋದು, ಬೆಳ್ಳಿ ರೂಪಾಯಿ ನಾಣ್ಯದ ಚಿತ್ರ. ನಿಮ್ಮ ಟ್ರಂಕಲ್ಲಿರೋ ಅದೇ ರೂಪಾಯಿ! ಯಾಕೆ ಅಂದ್ರೆ, ಯುದ್ಧದಲ್ಲಿ ಬೆಳ್ಳಿಗೆ ಬರ ಬಂತು, ಜನ ರೂಪಾಯಿನ ಕೂಡಿಟ್ಕೊಳ್ಳೋಕೆ ಶುರು ಮಾಡಿದ್ರು, ಸರ್ಕಾರಕ್ಕೆ ಹೊಡೆಯೋಕೆ ಬೆಳ್ಳಿ ಇಲ್ಲ, ಆಗ 1917 ನವೆಂಬರ್ 30ಕ್ಕೆ ಮೊದಲ್ನೇ ಸಲ ಒಂದ್ರುಪಾಯಿ ನೋಟು ಬಂತು, ಹಿಂದೇನೇ ಎರಡೂವರೆ ರೂಪಾಯಿ ನೋಟು. ಕಾಗದಕ್ಕೆ ಒಂದು ತೊಲ ಬೆಳ್ಳಿ ಬೆಲೆ ಇದೆ ಅಂತ ಹಳ್ಳಿ ಜನ ನಂಬ್ಬೇಕಲ್ಲ, ಅದಕ್ಕೆ ಕಾಗದದ ಮೇಲೆ ನಾಣ್ಯಾನೇ ಅಚ್ಚು ಹಾಕಿದ್ರು ಅಂತ ನನ್ನ ಊಹೆ, ಬೇರೆ ಕಾರಣ ನಂಗೆ ಹೊಳೆಯಲ್ಲ. ಹಂಗಾಗಿ ಮೆಕೆನಲ್ ಆ ನೋಟನ್ನ ಡಿಸೈನ್ ಮಾಡ್ಲಿಲ್ಲ, ಆದ್ರೆ ಅವ್ನು ಮಾಡಿದ ಮುಖ ನಾಣ್ಯದ ಮೂಲಕ ನೋಟಿನ ಮೇಲೂ ಹೋಗಿ ಕೂತಿತು. ರಾಜನ ಭಾವಚಿತ್ರಾನೇ ಚೌಕಟ್ಟು ಹಾಕಿ ದೊಡ್ಡದಾಗಿ ಇಟ್ಟ ನೋಟಿನ ಸರಣಿ ಶುರುವಾಗಿದ್ದು 1923ರಲ್ಲಿ, ಹತ್ತು ರೂಪಾಯಿ ನೋಟಿಂದ.

ಇನ್ನೊಂದು ಮಾತು, ನಿಮ್ಮ 1918ರ ರೂಪಾಯಿ ಬೆಳ್ಳಿ ಅಮೆರಿಕದ್ದಿದ್ರೂ ಇರ್ಬೋದು. ಆ ವರ್ಷ ಅಮೆರಿಕ ತನ್ನ 27 ಕೋಟಿಯಷ್ಟು ಬೆಳ್ಳಿ ಡಾಲರ್ ನಾಣ್ಯ ಕರಗಿಸ್ತು, ಹೆಚ್ಚಿನ ಪಾಲು ಬಂದಿದ್ದು ಇಂಡಿಯಾಗೆ. ತಂಗಿಗೆ ಹೇಳಿ, ನಿಮ್ಮೂರ ಬೆಳ್ಳಿ ನಮ್ಮತ್ರನೇ ಇದೆ ಅಂತ.

ಈಗ ತಮ್ಮನ ಲಕ್ಷ. 1911ರ ಕಥೆ ನಿಜ. ರಾಜನ ನಿಲುವಂಗಿ ಮೇಲಿನ ಸರಪಳೀಲಿ ಒಂದು ಪುಟ್ಟ ಆನೆ ಇದೆ, ಆ ವರ್ಷದ ಅಚ್ಚಲ್ಲಿ ಅದ್ರ ಸೊಂಡಿಲು ಮೊಂಡು, ಕಾಲು ಗಿಡ್ಡ, ನೋಡೋರಿಗೆ ಹಂದಿ ಥರ ಕಾಣ್ತು. ದೊಡ್ಡ ಗಲಾಟೆ ಆಯ್ತು, ಮುಖ್ಯವಾಗಿ ಮುಸ್ಲಿಮರು ಮುಟ್ಟಲ್ಲ ಅಂದ್ರು. ಸುಮಾರು 94 ಲಕ್ಷ ಹೊಡೆದಿದ್ರಲ್ಲಿ ಹೊರಗೆ ಬಿಟ್ಟಿದ್ದು 7 ಲಕ್ಷ, ಮಿಕ್ಕಿದ್ದು ವಾಪಸ್ ಕರಗಿಸಿದ್ರು ಅಂತ ಲೆಕ್ಕ, 1912ರಿಂದ ಸೊಂಡಿಲು ಕಾಲು ಸರಿಯಾಗಿ ಕಾಣೋ ಹಂಗೆ ಅಚ್ಚು ತಿದ್ದಿಸಿದ್ರು. ನಿಮ್ಮ 1911, 1913 ಎರಡನ್ನೂ ಪಕ್ಕ ಇಟ್ಟು ಭೂತಗನ್ನಡಿಲಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ. ಆದ್ರೆ 7 ಲಕ್ಷ ಅಂದ್ರೆ ಅಪರೂಪ ಏನಲ್ಲ ಮಾರಾಯ್ರೇ, ಜನ ಎತ್ತಿಟ್ಕೊಂಡಿದ್ದೂ ಜಾಸ್ತಿ. ಬೆಳ್ಳಿ ಬೆಲೆಗಿಂತ ಚೆನ್ನಾಗಿ ಜಾಸ್ತಿ ಸಿಗುತ್ತೆ, ಲಕ್ಷ ಸಿಗಲ್ಲ. ಲಕ್ಷ ಕೊಡ್ತೀನಿ ಅಂತ ಆನ್‌ಲೈನಲ್ಲಿ ಯಾರಾದ್ರೂ ಮೆಸೇಜ್ ಮಾಡಿ, ಮೊದ್ಲು ರಿಜಿಸ್ಟ್ರೇಷನ್ ಫೀಸು, ಟ್ಯಾಕ್ಸು ಕಟ್ಟಿ ಅಂದ್ರೆ ಅಲ್ಲಿಗೇ ಬ್ಲಾಕ್ ಮಾಡಿ. ತನ್ನ ಹೆಸರು ಹೇಳ್ಕೊಂಡು ಹಳೇ ನೋಟು ನಾಣ್ಯಕ್ಕೆ ಕಮಿಷನ್ ಕೇಳೋರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಒಬ್ರು ನಿವೃತ್ತ ಮೇಷ್ಟ್ರು ಇಂಥದ್ದಕ್ಕೆ ದುಡ್ಡು ಕಟ್ಟಿ ಆಮೇಲೆ ನನ್ನತ್ರ ನಾಣ್ಯ ತಂದಿದ್ರು, ಆ ನಾಣ್ಯದ ಬೆಲೆಗಿಂತ ಅವ್ರು ಕಟ್ಟಿದ ಫೀಸೇ ಜಾಸ್ತಿ ಇತ್ತು.

ತಿಕ್ಕೋದ್ರ ವಿಷ್ಯ. ಬೆಳ್ಳಿ ಕಪ್ಪಾಗೋದು ಕೊಳೆಯಲ್ಲ, ಗಾಳೀಲಿರೋ ಗಂಧಕ ಬೆಳ್ಳಿ ಜತೆ ಸೇರಿ ಆಗೋ ಪೊರೆ. ತಿಕ್ಕಿದ್ರೆ ಆ ಪೊರೆ ಜತೆ ಮೇಲಿನ ಬೆಳ್ಳೀನೂ ಹೋಗುತ್ತೆ, ಮೊದ್ಲು ಹೋಗೋದೇ ಉಬ್ಬಿರೋ ಜಾಗ, ಅಂದ್ರೆ ಮೀಸೆ, ಗಡ್ಡ, ಆನೆ, ಅಂದ್ರೆ ಶಿಲ್ಪಿಯ ಕೈಕೆಲಸಾನೇ. ಅಮ್ಮ ತಿಕ್ಕಿದ್ದು 1918ರದ್ದಾದ್ರೆ ಬೇಜಾರು ಬೇಡ, ಅದು ಕೋಟಿಗಟ್ಟಲೆ ಇದೆ. 1911ರದ್ದಾದ್ರೆ ಬೆಲೆ ಇಳಿದಿದೆ, ಇನ್ನೇನೂ ಮಾಡಕ್ಕಾಗಲ್ಲ, ಕಪ್ಪು ಬಣ್ಣ ಬರ್ಸೋಕೆ ಮಾತ್ರ ಹೋಗ್ಬೇಡಿ. ರಬ್ಬರ್ ಬ್ಯಾಂಡ್ ಹಾಕ್ಬೇಡಿ, ಅದ್ರಲ್ಲೂ ಗಂಧಕ ಇದೆ. ಮೆತ್ತಗಿರೋ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ಮೂ ಬೇಡ, ನಿಮ್ಮ ಕಡೆ ಮಳೇಗೆ ನಾಲ್ಕು ವರ್ಷದಲ್ಲಿ ಹಸಿರು ಅಂಟು ಹಿಡಿಯುತ್ತೆ. ಒಳ್ಳೇ ಕಾಗದದ ಕವರಲ್ಲಿ ಒಂದೊಂದೇ ಹಾಕಿ, ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನೋಟಿಗೆ ಸೆಲ್ಲೋ ಟೇಪ್, ಲ್ಯಾಮಿನೇಶನ್, ಇಸ್ತ್ರಿ ಮೂರೂ ಬೇಡವೇ ಬೇಡ, ಬಿಡಿಸಿ ಎರಡು ಬಿಳಿ ಹಾಳೆ ಮಧ್ಯೆ ಮಲಗಿಸಿ. ಅಂದ ಹಾಗೆ ನೋಟಿನ ಒಂದು ಅಂಚು ಹರಿದಂಗಿದ್ರೆ ಗಾಬರಿ ಬೇಡ, ಅವು 25ರ ಪುಸ್ತಕವಾಗಿ ಬರ್ತಿದ್ವು, ಚೆಕ್ ಥರ ಹರ್ಕೊಳ್ಬೇಕಿತ್ತು.

ಮಾರೋದಾದ್ರೆ ಪವನು ಸುಲಭ, 7.98 ಗ್ರಾಂ, 22 ಕ್ಯಾರೆಟ್, ಚಿನ್ನದ ಬೆಲೆ ಯಾರಾದ್ರೂ ಕೊಡ್ತಾರೆ. ಆದ್ರೆ ಅಕ್ಕಸಾಲಿ ಹತ್ರ ಕರಗಿಸೋಕೆ ಕೊಟ್ರೆ ಆ 'ಐ' ಅಕ್ಷರಕ್ಕೆ ಸಂಗ್ರಾಹಕರು ಕೊಡೋ ಜಾಸ್ತಿ ದುಡ್ಡು ಹೋಯ್ತು. ಕೊಂಡಿ ಬೆಸೆದ ಗುರುತಿದ್ರೆ ಆ ಜಾಸ್ತೀನೂ ಇಲ್ಲ. ನಕಲಿ ಪವನೂ ಬೇಕಾದಷ್ಟಿವೆ, ತೂಕ ಹಾಕಿಸ್ದೆ ಮಾತಾಡ್ಬೇಡಿ.

ಪದಕ ಮಾತ್ರ ಬೇರೆ ಲೆಕ್ಕ. 1980ರ ಹೊತ್ತಿಗೆ ಬೆಳ್ಳಿ ಬೆಲೆ ಏರಿದಾಗ ಲೋಕದಲ್ಲಿ ಈ ಪದಕ ರಾಶಿ ರಾಶಿ ಕರಗಿಹೋದವು. ತಂಗಿಗೆ ಕಳ್ಸೋದೂ ಅಷ್ಟು ಸುಲಭ ಅಲ್ಲ, 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತುನ ಅನುಮತಿ ಇಲ್ದೆ ದೇಶದಿಂದ ಆಚೆ ಒಯ್ಯಂಗಿಲ್ಲ. ರೂಪಾಯಿ ಪವನು ನೂರು ದಾಟಿವೆ, ಪದಕಾನೂ ಆ ಗೆರೆ ಹತ್ರಾನೇ. ಸೂಟ್‌ಕೇಸಲ್ಲಿ ಸೀರೆ ಮಧ್ಯೆ ಇಟ್ಕೊಂಡು ಹೋಗ್ತೀನಿ ಅಂದ್ರೆ ಏರ್‌ಪೋರ್ಟಲ್ಲಿ ಹಿಡಿದ್ರೆ ಪದಕಾನೂ ಹೋಗುತ್ತೆ ಕೇಸೂ ಬೀಳುತ್ತೆ. ಬೇಕೇ ಬೇಕು ಅಂದ್ರೆ ಪುರಾತತ್ವ ಸರ್ವೇಕ್ಷಣಾಲಯದವ್ರನ್ನ ಕೇಳಿ, ಬರವಣಿಗೇಲಿ ತಗೊಂಡೇ ಕಳ್ಸಿ.

ನನ್ನನ್ನ ಕೇಳಿದ್ರೆ ರೂಪಾಯಿ, ಪವನು ನಿಮ್ಮಿಷ್ಟ, ಪದಕ ಮನೇಲೇ ಇರ್ಲಿ. ಯಾಕಂದ್ರೆ ನೀವು ಎರಡೂ ಕಡೆ ಫೋಟೋ ಕಳ್ಸಿದೀರಿ, ಮುಖ್ಯವಾದ ಮೂರನೇ ಕಡೆ ಕಳ್ಸೇ ಇಲ್ಲ. ಅಂಚು! ಮುಂದೆ ಮೆಕೆನಲ್, ಹಿಂದೆ ಮೆಕ್‌ಮಿಲನ್, 65 ಲಕ್ಷಕ್ಕೂ ಅದೇ ಎರಡು ಮುಖ, ಅಂಚಲ್ಲಿ ಮಾತ್ರ ಪಡೆದವ್ರ ನಂಬರು, ರ್ಯಾಂಕು, ಹೆಸರು, ದಳ. ಮೈಸೂರು ಲ್ಯಾನ್ಸರ್ಸ್ ಅಂದ್ರೆ 1918 ಸೆಪ್ಟೆಂಬರ್ 23ಕ್ಕೆ ಜೋಧಪುರದವ್ರ ಜತೆ ಈಗಿನ ಇಸ್ರೇಲಲ್ಲಿರೋ ಹೈಫಾ ಊರಿಗೆ ನುಗ್ಗಿದ ದಳ. ಅಂಚಲ್ಲಿ ಮೈಸೂರು ಅಂತಿದ್ರೆ ಸಂಗ್ರಾಹಕರು ಬೆನ್ನು ಬೀಳ್ತಾರೆ, ಮಾರೋ ಮನಸ್ಸಿಲ್ದಿದ್ರೆ ಆ ಫೋಟೋ ಎಲ್ಲೂ ಹಾಕ್ಬೇಡಿ. ಇಂಗ್ಲಿಷಲ್ಲಿ ಹೆಸರನ್ನ ಹೆಂಗೆಂಗೋ ಬರೆದಿರ್ತಾರೆ, ಮನೇಲಿ ಕರೆಯೋ ಹೆಸರಿಗೂ ಅದಕ್ಕೂ ಹೊಂದದೇ ಇರ್ಬೋದು, ತಕ್ಷಣ ಇದು ನಮ್ಮ ಮುತ್ತಜ್ಜಂದಲ್ಲ ಅಂದ್ಕೊಳ್ಬೇಡಿ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಪಕ್ಕದಿಂದ ಓರೆಯಾಗಿ ಬಿಡಿ, ಪದಕಾನ ನಿಧಾನಕ್ಕೆ ಒಂದು ಸುತ್ತು ತಿರುಗಿಸ್ತಾ ಅಕ್ಷರ ಒಂದೊಂದೇ ಓದಿ ಬರ್ಕೊಂಡು ನಂಗೆ ಕಳ್ಸಿ. ಅಕ್ಷರ ಕಾಣ್ಲಿಲ್ಲ ಅಂತ ಮಾತ್ರ ತಿಕ್ಬೇಡಿ.